ಎರಡು ದಿನದ ದಂಡ

ಹಿರಿಯರೇ, ತಾಯಂದಿರೇ, ನಿಮ್ಮಲ್ಲಿ ಎಷ್ಟು ಜನ ಪೊಲೀಸರಿಗೆ ದಂಡ ಕಟ್ಟಿದ್ದೀರಿ? ನಗಬೇಡಿ. ಕಟ್ಟಿದ ಮೇಲೆ ಎಷ್ಟು ಜನ ಬದಲಾಗಿದ್ದೀರಿ? ಈಗ ನಗು ನಿಂತಿತು, ನೋಡಿ. ನಿಂತಿರಲಿ. ಇವತ್ತಿನ ಪ್ರವಚನಕ್ಕೆ ಒಂದು ಕಥೆ, ಕೇಳಿ.

ಒಂದೂರಿನಲ್ಲಿ ಒಬ್ಬ ಸಾಹುಕಾರ. ಎರಡು ಹತ್ತಿ ಗಿರಣಿ, ಒಂದು ಎಣ್ಣೆ ಗಿರಣಿ. ಮನೆ ಎಷ್ಟು ದೊಡ್ಡದೆಂದರೆ, ಈ ಕೋಣೆಯಲ್ಲಿ ಕೆಮ್ಮಿದರೆ ಆ ಕೋಣೆಗೆ ಕೇಳುತ್ತಿರಲಿಲ್ಲ. ಕೇಳಬೇಕಾದರೂ ಆ ಕೋಣೆಯಲ್ಲಿ ಯಾರಾದರೂ ಇರಬೇಕಲ್ಲ? ಹೆಂಡತಿ ತೀರಿ ಮೂರು ವರ್ಷ. ಮಕ್ಕಳಾಗಿರಲಿಲ್ಲ. ಆಳುಗಳಿದ್ದರು, ಏನಂದರೂ ‘ಹೂಂ ರೀ’ ಎನ್ನುವವರು. ಸುತ್ತ ನೂರು ಜನರಿದ್ದು, ‘ಇದು ತಪ್ಪು’ ಎನ್ನುವವನು ಒಬ್ಬನೂ ಇಲ್ಲದಿದ್ದರೆ ಆ ಮನುಷ್ಯ ಅಡವಿಯಲ್ಲಿದ್ದ ಹಾಗೆಯೇ.

ಸಾಹುಕಾರ ತಾನೇ ಕಾರು ಓಡಿಸಿಕೊಂಡು ಗಿರಣಿಗೆ ಹೋಗುತ್ತಿದ್ದ. ದಾರಿಯಲ್ಲಿ ದವಾಖಾನೆಯ ಮುಂದೆ ಒಂದು ಸಿಗ್ನಲ್ಲು. ಕೆಂಪಿರಲಿ, ಹಸಿರಿರಲಿ, ಅವನು ನಿಲ್ಲುತ್ತಿರಲಿಲ್ಲ. ಕಂಬದ ಮೇಲಿನ ಕ್ಯಾಮೆರಾ ಫೋಟೋ ಹೊಡೆಯುತ್ತಿತ್ತು, ನೋಟಿಸು ಬರುತ್ತಿತ್ತು. ಗುಮಾಸ್ತ ತಿಂಗಳ ಕೊನೆಗೆ ಲೈಟ್ ಬಿಲ್ಲಿನ ಜೊತೆ ಅದನ್ನೂ ಹಿಡಿದು ನಿಲ್ಲುತ್ತಿದ್ದ.

“ಈ ಸಲ ಏಳು ಬಂದಾವ್ರಿ, ಧಣ್ಯಾರ.”

“ಕಟ್ಟು.”

ಅಷ್ಟೇ. ಏಳು ತಪ್ಪು, ಒಂದು ಮಾತು.

ಒಂದು ಬೆಳಿಗ್ಗೆ ಹವಾಲ್ದಾರ ಅಡ್ಡ ಬಂದು ಕಾರು ನಿಲ್ಲಿಸಿದ. ಐನೂರು ದಂಡ ಎಂದ. ಸಾಹುಕಾರ ಏನು ಮಾಡಿದ ಗೊತ್ತೇ? ಐದು ಸಾವಿರ ತೆಗೆದು ಕಿಟಕಿಯಿಂದ ಚಾಚಿದ. “ಹತ್ತು ಸಲಕ್ಕ ಆಗ್ತದ. ಮುಂಗಡ ಇಟ್ಕೋ. ದಿನಾ ನಿಲ್ಲಿಸಬ್ಯಾಡ.”

ಹವಾಲ್ದಾರ ನೋಟುಗಳನ್ನೂ ನೋಡಿದ, ಮುಖವನ್ನೂ ನೋಡಿದ. “ಇದೇನ್ರೀ ಸಾಹುಕಾರ್ರ, ಬಸ್ ಪಾಸ್ ಮಾಡ್ಸಾಕ ಬಂದೀರೇನ? ನನ್ನ ನೌಕರಿ ಕಳೀತೀರಿ. ಒಂದ ನೋಟು ಕೊಡ್ರಿ, ರಸೀದಿ ತಗೋರಿ.”

ಅಷ್ಟರಲ್ಲಿ ಇನ್ನೊಬ್ಬ ಪೊಲೀಸನು ಒಂದು ಹಳೆಯ ಮೊಪೆಡ್ಡನ್ನು ತಳ್ಳಿಕೊಂಡು ಬಂದ. ಹಿಂದೆ ಅದರ ಒಡೆಯ, ಓಣಿ ಓಣಿ ತಿರುಗಿ ಚಾಕು, ಕತ್ತರಿಗೆ ಸಾಣೆ ಹಿಡಿಯುವ ಮುದುಕ. ಕಾಲಿನಿಂದ ತುಳಿದು ತಿರುಗಿಸುವ ಸಾಣೆಯ ಚಕ್ರವನ್ನು ಹಿಂದಿನ ಸೀಟಿಗೆ ಹಗ್ಗದಿಂದ ಬಿಗಿದಿದ್ದ.

“ಕೆಂಪು ಕಾಣಲಿಲ್ಲೇನೋ ಯಜಮಾನಾ?” ಎಂದ ಹವಾಲ್ದಾರ.

“ಬಿಸಲು ಕಣ್ಣಿಗೆ ಹೊಡೀತಿತ್ರಿ ಸಾಹೇಬ್ರ. ಮುಂದ ಇವ್ರ ದೊಡ್ಡ ಗಾಡಿ ಹೋತಲ್ರಿ. ಅಂಥವ್ರ ಹೊಂಟಾರಂದ್ರ ಹಸಿರು ಬಿದ್ದಿರಬೇಕು ಅಂತ ಬೆನ್ನ ಹಿಂದನ ಬಂದ್ನಿ.”

ಕೇಳಿದಿರಾ? ಅವನು ದೀಪ ನೋಡಲಿಲ್ಲ. ದೊಡ್ಡವನನ್ನು ನೋಡಿದ. ಅಲ್ಲೇ ಎಡವಿದ.

ದಂಡ ಅವನಿಗೂ ಐನೂರೇ. ಮುದುಕನ ಜೇಬಿನಲ್ಲಿ ನಲವತ್ತು ರೂಪಾಯಿಯಿತ್ತು. ಕಟ್ಟುವ ತನಕ ಮೊಪೆಡ್ಡು ಠಾಣೆಯಲ್ಲಿ ಎಂದರು. ಸಾಹುಕಾರನ ಮನಸ್ಸು ಚುರುಕ್ ಎಂದಿತು. “ಅವನದೂ ನಾನ ಕಟ್ತೀನಿ,” ಎಂದ.

ಮುದುಕ ಹಗ್ಗ ಬಿಚ್ಚಿ ಚಕ್ರವನ್ನು ಹೆಗಲಿಗೇರಿಸುತ್ತಿದ್ದವನು ತಿರುಗಿದ. “ಬ್ಯಾಡ್ರಿ. ತಪ್ಪು ನಂದು. ಆದ್ರ ಒಂದು ಮಾತು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ನನಗ ಐನೂರು ಅಂದ್ರ ಎರಡು ದಿನದ ದುಡಿಮಿ. ನಿಮಗೇನು ಹೋತ್ರಿ?”

ಸಾಹುಕಾರ ತನ್ನ ಐನೂರು ಕಟ್ಟಿ, ರಸೀದಿ ಜೇಬಿಗಿಟ್ಟುಕೊಂಡು ಹೊರಟ.

ಆ ದಿನ ಗಿರಣಿಯಲ್ಲಿ ಕುಳಿತರೂ ಅದೇ ಪ್ರಶ್ನೆ, ಊಟಕ್ಕೆ ಕುಳಿತರೂ ಅದೇ ಪ್ರಶ್ನೆ. ನಿಮಗೇನು ಹೋತ್ರಿ? ಏನೂ ಹೋಗಿರಲಿಲ್ಲ. ಅದೇ ಅವನನ್ನು ಚುಚ್ಚಿತು. ತಪ್ಪು ಮಾಡಿದರೂ ನೋವಾಗದ ಮನುಷ್ಯ ಲೆಕ್ಕಕ್ಕಾದರೂ ಇದ್ದಾನೆಯೇ? ಇಷ್ಟು ದೊಡ್ಡ ಊರಿನಲ್ಲಿ ತಾನೂ ಒಬ್ಬನೆಂದು ಅನಿಸಬೇಕಾದರೆ ತನಗೂ ಒಂದು ದಂಡ ತಾಗಬೇಕು. ಅವನಿಗೆ ಬೇಕಾದದ್ದು ಅಷ್ಟೇ.

ಮರುದಿನ ಠಾಣೆಗೆ ಹೋದ. ಅಲ್ಲಿ ಒಬ್ಬ ಹೆಣ್ಣುಮಗಳು ಇನ್‌ಸ್ಪೆಕ್ಟರು. “ನನಗ ತಾಗೋ ಹಂಗ ದಂಡ ಹಾಕ್ರಿ ತಾಯಿ,” ಎಂದ.

ಅವಳಿಗೆ ನಗು ಬಂತು. “ಕೆಲವು ದೇಶದಾಗ ಗಳಿಕಿ ನೋಡಿ ದಂಡ ಹಾಕ್ತಾರಂತ್ರಿ. ನಮ್ಮ ಕಾಯ್ದೆ ಪುಸ್ತಕದಾಗ ನಿಮಗೂ ಆ ಸಾಣಿಯವಗೂ ಒಂದ ಸಾಲು. ಅದಿರಲಿ, ನೀವು ನಿಲ್ಲೂದಿಲ್ಲ ಯಾಕ?”

ಸಾಹುಕಾರ ಕಾರಿನ ಕೀಲಿ ಮೇಜಿನ ಮೇಲಿಟ್ಟ. “ನಮ್ಮನಿಯಾಕಿ ಬಾಜೂಕ ಕುಂತು, ಕೆಂಪೈತಿ, ನಿಲ್ಲಸ್ರಿ ಅಂತಿದ್ಲು. ಈಗ ಅನ್ನಾವ್ರು ಯಾರೂ ಇಲ್ಲ.”

ಇನ್‌ಸ್ಪೆಕ್ಟರಮ್ಮ ನಗಲಿಲ್ಲ. “ಆ ಮುದುಕ ಪ್ಯಾಟಿ ಓಣ್ಯಾಗ ಅದಾನ, ಹೋಗ್ರಿ, ನಿಮ್ಮ ದಂಡ ಏನಂತ ಅವನ್ನ ಕೇಳ್ರಿ,” ಎಂದಳು.

ಹೋದ. ಮುದುಕ ಚಕ್ರ ಹೊತ್ತು, ಏದುಸಿರು ಬಿಡುತ್ತ “ಸಾಣೀ... ಚಾಕು, ಕತ್ರಿ ಸಾಣೀ...” ಎಂದು ಕೂಗುತ್ತಿದ್ದ.

“ನನಗೇನೂ ಹೋಗಿಲ್ಲೋ ಯಜಮಾನಾ,” ಎಂದ ಸಾಹುಕಾರ. “ಏನು ಕೊಡ್ಲಿ, ಹೇಳು.”

ಮುದುಕ ಚಕ್ರ ಇಳಿಸಿದ. “ನಮ್ಮ ಹಳ್ಳ್ಯಾಗ ಕೆರಿ ನೀರು ಪಾಳಿ ಮ್ಯಾಲ ಬಿಡ್ತಿದ್ರು. ಒಬ್ಬರ ಪಾಳಿ ಇನ್ನೊಬ್ಬ ಕದ್ದ ಅಂದ್ರ ಮೂರು ದಿನ ಕಾಲುವಿ ಹೂಳು ಎತ್ತಬೇಕು. ಗೌಡ ಆದ್ರೂ ಅಷ್ಟ, ತಳವಾರ ಆದ್ರೂ ಅಷ್ಟ. ಆಳು ಕಳಸೂ ಹಂಗಿಲ್ಲ, ತಾನ ಇಳೀಬೇಕು. ರೊಕ್ಕ ಒಬ್ಬೊಬ್ಬರತ್ರ ಒಂದೊಂದು ನಮೂನಿ ಇರ್ತದ, ದಿನ ಎಲ್ಲಾರಿಗೂ ಒಂದ ಅಂತಿದ್ರು ಹಿರ್ಯಾರು. ದಂಡಕ್ಕ ನನ್ನವು ಎರಡು ದಿನ ಹೋಗ್ತಾವ. ನಿಮ್ಮವು ಎರಡು ಕೊಡ್ರಿ.”

ಸಾಹುಕಾರ ಚಕ್ರ ಹೊತ್ತ. ಮುದುಕ ಕೂಗಿದ, ಇವನು ತುಳಿದ. ಒಬ್ಬ ಹೆಣ್ಣುಮಗಳು ಈಳಿಗೆ ತಂದು, “ಏ, ಜಲ್ದಿ ತುಳಿಯೋ ತಮ್ಮಾ, ಒಲಿ ಮ್ಯಾಲ ಬ್ಯಾಳಿ ಇಟ್ಟು ಬಂದೀನಿ!” ಎಂದು ಗದರಿದಳು. ಮೂರು ವರ್ಷದಲ್ಲಿ ಅವನನ್ನು ಗದರಿದವಳು ಅವಳೊಬ್ಬಳೇ. ಅವನ ಕಣ್ಣು ತುಂಬಿ ಬಂತು. ಸಾಣೆಯ ಕಿಡಿ ಹಾರಿತೆಂದು ಮುಖ ಒರೆಸಿಕೊಂಡ. ಮಧ್ಯಾಹ್ನ ಗುಡಿಯ ಕಟ್ಟೆಯ ಮೇಲೆ ಇಬ್ಬರೂ ಒಂದೇ ಬುತ್ತಿ ಬಿಚ್ಚಿದರು. ರೊಟ್ಟಿ, ಶೇಂಗಾ ಚಟ್ನಿ. ಎರಡನೆಯ ದಿನ ಗುಮಾಸ್ತ ಬೆವರುತ್ತ ಓಡಿ ಬಂದ.

“ಧಣ್ಯಾರ, ಇವತ್ತು ಹತ್ತಿ ಹರಾಜು! ನೀವು ಬರದಿದ್ರ ಲಕ್ಷಗಟ್ಲೆ ಲುಕ್ಸಾನು!”

ಸಾಹುಕಾರ ತುಳಿಯುವುದನ್ನು ನಿಲ್ಲಿಸಿದ. ಗಿರಣಿಯ ಕಡೆ ನೋಡಿದ. “ಹೋಗಲಿ ಬಿಡು,” ಎಂದ ಸಾಹುಕಾರ, ಮತ್ತೆ ತುಳಿದ. ಈಗ ಹೋಯಿತು, ನೋಡಿ. ದಂಡ ತಾಗಿತು.

ಸಂಜೆಗೆ ಐನೂರು ಕೂಡಿತು. ಮುದುಕ ತಾನೇ ಹೋಗಿ ಕಟ್ಟಿ ಮೊಪೆಡ್ಡು ಬಿಡಿಸಿಕೊಂಡ, ಚಕ್ರ ಬಿಗಿದ. ಸಾಹುಕಾರ ಪಕ್ಕದಲ್ಲೇ ನಿಂತಿದ್ದ.

“ನಾಳೆನೂ ಬರ್ಲೇನು?”

“ಯಾಕ್ರೀ?” ಎಂದ ಮುದುಕ. “ನಿಮ್ಮ ಎರಡು ದಿನ ಮುಗದ್ವು. ಮೂರನೇದು ಕೊಟ್ರ ಅದು ದಾನ ಆಗ್ತದ. ನಾ ದಾನ ತಗೊಳ್ಳೂದಿಲ್ರಿ.”

ಕೈ ಮುಗಿದು ಹೊರಟೇಹೋದ. ಸಾಹುಕಾರ ಖಾಲಿ ಕೈ ಚಾಚಿಕೊಂಡು ಬೀದಿಯಲ್ಲಿ ಉಳಿದ. ಎರಡು ದಿನ ಚಕ್ರ ಹೊತ್ತು ಅಂಗೈಯ ಮೇಲೆ ಬೊಕ್ಕೆ ಎದ್ದಿದ್ದವು. ಮನೆಗೆ ಹೋದ ಮೇಲೆ ‘ಇದೇನಾಯಿತು’ ಎಂದು ಯಾರೂ ಕೇಳಲಿಲ್ಲ.

ಕಥೆ ಮುಗಿಯಿತು. ಅವನಿಗೆ ಗೆಳೆಯ ಸಿಕ್ಕ, ಮನೆ ತುಂಬಿತು ಎಂದು ಹೇಳಿ ನಿಮ್ಮನ್ನು ಸಮಾಧಾನಪಡಿಸಲಾರೆ. ಒಂಟಿತನ ಎರಡು ದಿನಕ್ಕೆ ಹೋಗುವ ರೋಗವಲ್ಲ. ಆದರೆ ಮರುದಿನದಿಂದ ಅವನು ಆ ಸಿಗ್ನಲ್ಲಿನಲ್ಲಿ ನಿಂತ. ಅನ್ನುವವರಿಲ್ಲದಿದ್ದರೂ ನಿಂತ.

ಗಳಿಕೆ ನೋಡಿ ದಂಡ ಹಾಕುವುದು ನ್ಯಾಯವೇ ಎಂದು ಮೊನ್ನೆ ಒಬ್ಬರು ಕೇಳಿದರು. ಐನೂರು ಎಲ್ಲರಿಗೂ ಐನೂರೇ ಅಲ್ಲವೇ, ಎಂದರು. ಹೌದಪ್ಪಾ. ಒಂದೇ ತೂಕದ ಚೀಲವನ್ನು ಎತ್ತಿನ ಬೆನ್ನಿಗೂ ಹಾಕು, ಕೂಸಿನ ತಲೆಗೂ ಹಾಕು. ಆಮೇಲೆ ಬಂದು ಎರಡೂ ಸಮ ಎಂದು ಹೇಳು. ನನ್ನನ್ನು ಕೇಳಿದರೆ ಉಳ್ಳವನಿಗೆ ಹೆಚ್ಚೇ ಇರಬೇಕು. ಅದು ಸಿಟ್ಟಿಗಲ್ಲ, ಅವನಿಗೂ ತಾಗಲಿ ಎಂದು. ತಾಗದ ದಂಡ ಬರೀ ಬಾಡಿಗೆ. ತಿಂಗಳಿಗೊಮ್ಮೆ ಕಟ್ಟಿ ತಪ್ಪಿನೊಳಗೇ ವಾಸ ಮಾಡಬಹುದು.

ಆದರೆ ಕಾನೂನು ಬರೆಯುವವರು ಈ ಮಂಟಪದಲ್ಲಿಲ್ಲ. ನೀವಿದ್ದೀರಿ. ನೀವು ತಪ್ಪಿದರೆ ಗುಮಾಸ್ತನನ್ನು ಕಳಿಸಬೇಡಿ, ಮಗನನ್ನು ಕಳಿಸಬೇಡಿ, ರೊಕ್ಕವನ್ನೂ ಕಳಿಸಬೇಡಿ. ನೀವೇ ಹೋಗಿ. ಯಾರ ದಿನ ಹಾಳು ಮಾಡಿದಿರೋ ಅವರೆದುರು ನಿಂತು, ನಿಮ್ಮ ದಿನ ಕೊಡಿ. ನಿಮ್ಮ ಓಣಿಯಲ್ಲಿ ಎಲ್ಲರೂ ಹೆದರುವ ದೊಡ್ಡವನೊಬ್ಬನಿದ್ದರೆ, ಅವನ ತಪ್ಪನ್ನು ಅವನಿಗೆ ಹೇಳಿ. ಪ್ರೀತಿಯಿಂದ ಹೇಳಿ. ಅವನನ್ನು ಒಂಟಿಯಾಗಿ ಬಿಡಬೇಡಿ.

ಇನ್ನೊಂದು ಮಾತು. ನಾನು ಬರುವಾಗ ನೋಡಿದೆ, ಮಠದ ಓಣಿಯಲ್ಲಿ ಅಡ್ಡಾದಿಡ್ಡಿ ಕಾರು ನಿಂತಿವೆ. ಹಣ್ಣಿನ ಗಾಡಿಯ ತಾಯಿಯೊಬ್ಬಳು ದಾಟಲಾಗದೆ ಬಿಸಿಲಲ್ಲಿ ನಿಂತಿದ್ದಾಳೆ. ಕಾರಿನವರು ಈಗ ಏಳಿ. ಡ್ರೈವರನಿಗೆ ಫೋನು ಮಾಡಬೇಡಿ, ನೀವೇ ಹೋಗಿ ತೆಗೆಯಿರಿ, ಅವಳಿಗೆ ತಪ್ಪಾಯಿತೆಂದು ಹೇಳಿ ಬನ್ನಿ. ನೀವು ತಿರುಗಿ ಬರುವ ತನಕ ಮಂಗಳಾರತಿ ಆಗುವುದಿಲ್ಲ. ನಾವೆಲ್ಲ ಕಾಯುತ್ತೇವೆ.