ಕುರಿಗಳು ಹಿಂದಕ್ಕೆ ನಡೆಯುವ ಕತೆ

ಉಮದಿ ಬಸ್ ನಿಲ್ದಾಣದಲ್ಲಿ ನನ್ನ ಪಕ್ಕದ ಹೆಂಗಸು ಚಿತ್ರ ಬರೆದ ಶಾಲಾ ವಹಿಯೊಂದನ್ನು ಎಡಗಡೆಯಿಂದ ತೆರೆದಳು. ಆಕೆಯ ಜೊತೆಗಿದ್ದ ಹುಡುಗಿ ತಡೆದಳು.

“ಕಾಕು, ಜಪಾನಿ ಚಿತ್ರಕತಿ ಬಲಗಡಿಂದ ಎಡಕ್ಕ ಓದಬೇಕ್ರಿ. ನಿಮ್ಮ ಮಗಳು ವಿದ್ಯಾನೂ ಹಂಗ ಬರದಾಳ.”

“ಗೊತ್ತೈತಿ ಸೋನಾಲಿ. ಸಾಯೂಕಿಂತ ಮೊದಲ ಆಕೀನ ಹೇಳಿದ್ಲು.”

“ಮತ್ತ ಕಡೀ ಪುಟದಿಂದ ಯಾಕ ಓದ್ತೀರಿ?”

“ನಿಮ್ಮಂಗ ಓದಿದ್ರ ಕತಿಯೊಳಗಿನ ಹುಡುಗಿ ಕುರಿ ಹೊಡಕೊಂಡು ಗುಡ್ಡದಾಚಿ ಹೋಗಿಬಿಡ್ತಾಳ.”

“ಹಿಂಗ ಓದಿದ್ರ ಕುರಿ ಎಲ್ಲಾ ಹಿಂದಕ್ಕ ನಡೀತಾವಲ್ರಿ.”

“ನಡೀಲಿ ಬಿಡು. ಆಕಿ ದಿನಾ ತಿರುಗಿ ಹೊಸ್ತಿಲಕ್ಕ ಬಂದು ನಿಂದರ್ತಾಳ. ಅದಕ್ಕ ಮನಿ ಬಾಗಿಲಾ ತಗದ ಇಟ್ಟು ಬಂದೀನಿ.”

ಹುಡುಗಿ ವಹಿಯನ್ನು ಇಸಿದುಕೊಂಡು ತಾನೇ ಕಡೆಯ ಪುಟ ತೆರೆದಳು. ಅವರೂರು ಸನಮಡಿಯ ಬಸ್ ಬಂದಾಗ ವಹಿಯನ್ನು ಎದೆಗೊತ್ತಿಕೊಂಡು ಎದ್ದಳು.

“ಹಂಗಾರ ಲಗೂನ ನಡೀರಿ ಕಾಕು. ಆಕಿ ಬಂದಿರಬೇಕು.”