ಎರಡು ಬಟ್ಟಲು, ಒಂದೇ ಗೆರೆ

...ನಾನ್ಯಾಕೆ ಕೆಡಿಸ್ಲಿ ಮೇಡಂ ನಿಮ್ಮ ಬಟ್ಟಲನ್ನ? ಲ್ಯಾಬಲ್ಲಿ ಏನೇ ಎಡವಟ್ಟಾಗಲಿ, ಹತ್ತನೇ ಕ್ಲಾಸು ಓದಿದ ಅಟೆಂಡರ್ ಶೋಭಾರಾಣಿ ತಲೆಗೇ ಕಟ್ಟೋದು! ಈ ಚಿಕ್ಕಬಳ್ಳಾಪುರದ ಕಾಲೇಜಲ್ಲಿ ಬೇರೆ ಯಾರೂ ಕಾಣಲ್ವಾ? ಯಾಕೆ ನಗ್ತೀರ? ಪಿಎಚ್‌ಡಿ ಮಾಡೋರು, ನಗಿ.

ನೀವು ಹೇಳಿದ್ದನ್ನ ಹೇಳಿದ ಹಾಗೇ ಮಾಡಿದೀನಿ. ಆ ನೇರಳೆ ಹರಳು, ಕಬ್ಬಿಣದ ನೈಟ್ರೇಟು. ಮೊನ್ನೆ ಒಂದು ಬಟ್ಟಲು ಮುನ್ನೂರು ಡಿಗ್ರಿಗೆ, ನಿನ್ನೆ ಇನ್ನೊಂದು ನೂರೈವತ್ತಕ್ಕೆ. ಮೊದಲು ಬೆಲ್ಲದ ಪಾಕದ ಹಾಗೆ ಕರಗುತ್ತೆ, ಆಮೇಲೆ ಕಂದು ಹೊಗೆ, ಕೊನೆಗೆ ಕೆಂಪು ಪುಡಿ. ಎರಡು ವರ್ಷದಿಂದ ನೋಡ್ತಿದೀನಿ, ನನಗೆ ಹೇಳ್ಕೊಡ್ಬೇಡಿ!

ಏನದು, ಪುಡಿ ಪರೀಕ್ಷೆ ಮಾಡೋ ಮಿಷಿನ್ನಿನ ಗ್ರಾಫಾ? ಎರಡನ್ನೂ ಒಂದರ ಮೇಲೊಂದಿಟ್ಟು ಕಿಟಕಿ ಬೆಳಕಿಗೆ ಹಿಡಿದ್ರೆ... ಹೂಂ, ಗೆರೆ ಮೇಲೆ ಗೆರೆ ಕೂತಿದೆ. ಅದಕ್ಕೆ? ಅರ್ಧ ಬೆಂದಿದ್ದೂ ಪೂರ್ತಿ ಬೆಂದಿದ್ದೂ ಒಂದೇ ಅಂತ ತೋರಿಸಿದ್ರೆ ನಿಮ್ಮ ಮಿಷಿನ್ನೇ ಕೆಟ್ಟಿದೆ! ಅದನ್ನ ಬೈರಿ!

ಯಾಕೆ ಸ್ವಿಚ್ ಕಡೆ ನೋಡ್ತೀರ? ಹೊಗೆ ಎಳೆಯೋ ಫ್ಯಾನಾ? ಹಾಕಿದ್ದೆ. ಹಾಕಿದ್ದೆ ಅಂದೆನಲ್ಲಾ! ಸ್ವಲ್ಪ ಹೊತ್ತು ಆರಿಸಿದ್ದೆ ಅಷ್ಟೆ. ಬಸ್ಸಿನ ಇಂಜಿನ್ ಥರ ಸದ್ದು ಅದು, ಬೆಚ್ಚಿಬಿದ್ದು ಎದ್ದುಬಿಡ್ತಾಳೆ...

ಯಾರೂ ಇರಲಿಲ್ಲ! ಯಾರಿರ್ತಾರೆ ಇಲ್ಲಿ?

...ಬೈರಿ ಮೇಡಂ. ಎಷ್ಟು ಬೇಕಾದ್ರೂ ಬೈರಿ.

ಹೂಂ, ನಿನ್ನೆ ನನ್ನ ಮಗಳು ಹರಿತಾನ ಕರ್ಕೊಂಡು ಬಂದಿದ್ದೆ. ಮೂರು ವರ್ಷದ ಕೂಸು. ನಮ್ಮೂರ ಅಂಗನವಾಡಿ ಟೀಚರು ಮೀಟಿಂಗು ಅಂತ ಬೀಗ ಹಾಕಿ ಹೋದ್ರೆ ಎಲ್ಲಿ ಬಿಡ್ಲಿ? ಗೌರಿಬಿದನೂರಿಂದ ಬಸ್ಸಲ್ಲಿ ಎತ್ಕೊಂಡು ಬಂದು, ಈ ಟೇಬಲ್ ಕೆಳಗೆ ದುಪ್ಪಟ ಹಾಸಿ ಮಲಗಿಸಿದ್ದೆ. ಮಕ್ಕಳು ಬರಬಾರದು ಅನ್ನೋ ಬೋರ್ಡು ಓದೋಕೆ ಬರುತ್ತೆ ನನಗೆ! ಬಟ್ಟಲು ಹೊರಗೆ ತೆಗೀತಿದ್ದೆ, ಹೊಗೆ ಕಟ್ಕೊಂಡುಬಿಡ್ತು. ಅವಳು ಕೆಮ್ಮಿದ್ಲು. ಕೈಯಲ್ಲಿದ್ದ ಬಟ್ಟಲು ಬಿದ್ದು ಪುಡಿಯೆಲ್ಲ ಚೆಲ್ತು, ಮಗೂನ ಬಾಚ್ಕೊಂಡು ಓಡಿದೆ. ಆಮೇಲೆ ಬಂದು ಮೊನ್ನೆಯ ಪುಡೀಲಿ ಅರ್ಧ ತೆಗೆದು ಈ ಬಟ್ಟಲಿಗೆ ಹಾಕಿಟ್ಟೆ. ಕೆಂಪು ಪುಡಿ ತಾನೆ, ಯಾರಿಗೆ ಗೊತ್ತಾಗುತ್ತೆ ಅಂತ.

ಸಾರ್‌ಗೆ ಹೇಳ್ತೀರಾ? ಹೇಳಿ! ಕೆಲಸದಿಂದ ತೆಗೆಸ್ತೀರಾ? ತೆಗೆಸಿ!

ಯಾಕೆ ಮೇಡಂ, ಮುಖ ಹಂಗಾಯ್ತು? ಆರಾಮಾಗಿದ್ದಾಳೆ, ಅತ್ತೆ ಹತ್ರ ಬಿಟ್ಟು ಬಂದಿದೀನಿ. ರಾತ್ರಿಯೆಲ್ಲ ಕೆಮ್ಮಿದ್ಲು, ಬೆಳಗ್ಗೆ ಸ್ವಲ್ಪ ಉಸಿರು ಎಳೀತಿದ್ಲು, ಅಷ್ಟೆ. ಏನಂದ್ರಿ, ಆ ಕಂದು ಹೊಗೆ ವಿಷಾನಾ? ಇಲ್ಲ, ನೆಗಡಿ ಅದು. ನೆಗಡಿ ಅಂತ ಹೇಳಿ ಮೇಡಂ... ಹೇಳಮ್ಮಾ, ನಿನ್ನ ಕಾಲಿಗೆ ಬೀಳ್ತೀನಿ...

ಗಾಡಿ ಕೀ ಯಾಕೆ ತಗೊಂಡ್ರಿ?