ಎವ್ಡೋಕಿಯಾಳ ಕುರ್ಚಿ

ನೋಡು, ಪುನಃ ಬಂತು ಸವಾರಿ! ಎರಡು ಮಾತು ನೆಟ್ಟಗೆ ಆಡಲಿಕ್ಕೆ ಬಿಡುವುದಿಲ್ಲ ಈ ಹುಡುಗಿ. ಏನೀಗ? ಬಣ್ಣದ ಪೆನ್ಸಿಲಾ? ಇಡು, ಆ ನೀಲಿ ಸೂಟ್‌ಕೇಸಿಗೇ ಹಾಕು. ಎರಡು ಪೆಟ್ಟಿಗೆ ಯಾಕೆ? "ವನ್ ಫಾರ್ ಮಿ, ವನ್ ಫಾರ್ ಎವ್ಡೋಕಿಯಾ" ಅಂತೆ. ಆಯ್ತು ಮಾರಾಯ್ತಿ, ಯಲ್ಲಾ, ಒಳಗೆ ಹೋಗು, ಬಾಗಿಲು ಹಾಕಿಕೋ. ನೀನು ನಗಬೇಡ ಲವೀನಾ. ಎವ್ಡೋಕಿಯಾ ಯಾರು ಅಂತ ಕೇಳ್ತೀಯಲ್ಲ, ಹೇಳ್ತೇನೆ. ಐದು ತಿಂಗಳ ಹೊಟ್ಟೆ ಹೊತ್ತುಕೊಂಡು, ಈ ಅರಬರ ನಾಡಿನ ಬಿಸಿಲಲ್ಲಿ, ಬನಿಯಾಸಿನ ನಮ್ಮ ಮನೆಯವರೆಗೆ ಬಸ್ಸಿನಲ್ಲಿ ಬಂದದ್ದೇ ಮಗುವಿಗೆ ಏನು ಹೆಸರಿಡಲಿ ಅಂತ ಕೇಳಲಿಕ್ಕೆ ಅಲ್ವಾ, ಹಾಗಾದರೆ ಇದನ್ನು ಕೇಳಿಯೇ ಹೋಗು.

ಎವ್ಡೋಕಿಯಾ ಅಂದರೆ ನನ್ನ ಅತ್ತೆ. ಗ್ರೀಸಿನಲ್ಲಿ ಒಂದು ಸಣ್ಣ ದ್ವೀಪ ಉಂಟು, ಅಲ್ಲಿರುವುದು. ನನ್ನ ಗಂಡ ನಿಕೋಸನ ಅಜ್ಜ, ಮುತ್ತಜ್ಜ ಎಲ್ಲ ಹುಟ್ಟಿದ ಮನೆಯಲ್ಲೇ ಇದ್ದಾಳೆ. ನಾನು ಅವಳನ್ನು ಮುಖತಃ ನೋಡಿಯೇ ಇಲ್ಲ, ಫೋನಿನಲ್ಲಿ ಮಾತ್ರ, ಅದರಲ್ಲೂ ಮುಖ ಕಾಣುವುದು ಅರ್ಧ, ಉಳಿದದ್ದು ಅವಳ ಮನೆಯ ಮಾಡು. ನಿಕೋಸ್ ನನಗೆ ಸಿಕ್ಕಿದ್ದು ಗೊತ್ತುಂಟಾ, ನೀನೀಗ ಕೆಲಸ ಮಾಡುವ ಅದೇ ಲಾಂಡ್ರಿಯಲ್ಲಿ. ಅಲ್ ಮೀನಾ ಬಂದರಿನಲ್ಲಿ ಹಡಗು ರಿಪೇರಿ ಮಾಡುವವ, ಕೋಟಿನ ತುಂಬ ಮೆಷಿನಿನ ಗ್ರೀಸ್. "ಈ ಕಲೆ ಹೋಗುತ್ತದಾ?" ಅಂತ ಕೇಳಿದ. "ಕೋಟು ಹೋದೀತು, ಕಲೆ ಹೋಗುವುದಿಲ್ಲ" ಅಂದೆ. ಹತ್ತನೇ ಕ್ಲಾಸಿನ ಇಂಗ್ಲಿಷು ನನ್ನದು, ಅಷ್ಟಕ್ಕೇ ಬಿದ್ದ, ಪಾಪದವನು.

ಮದುವೆಯಾದ ಮೇಲೆ ಸುಖ ಅಂದುಕೊಂಡೆಯಾ? ಒಂದು ಕೋಣೆ, ಅದರಲ್ಲಿ ಪರದೆ ಕಟ್ಟಿ ಮೂರು ಸಂಸಾರ. ಇವನು ಹಡಗಿನ ಹಿಂದೆ ಹೋದರೆ ತಿಂಗಳುಗಟ್ಟಲೆ ಪತ್ತೆ ಇಲ್ಲ. ಇವಳು ಹೊಟ್ಟೆಯಲ್ಲಿ, ಏಳು ತಿಂಗಳಾಗಿತ್ತು ನನಗೆ, ಅಲ್ಲ, ಏಳು ಮುಗಿದಿತ್ತು, ಊರಿನಿಂದ ಅಣ್ಣನ ಫೋನು, ಅಮ್ಮ ಹೋದಳು ಅಂತ. ಡಾಕ್ಟ್ರು ವಿಮಾನಕ್ಕೆ ಚೀಟಿ ಕೊಡಲಿಲ್ಲ. "ಮಾಫಿ ಟ್ರಾವೆಲ್", ಪ್ರಯಾಣ ಇಲ್ಲ ಅಂದಳು, ಖಲಾಸ್. ಪರದೆಯ ಆಚೆ ನೈಟ್ ಡ್ಯೂಟಿ ಮುಗಿಸಿ ಬಂದವರು ಮಲಗಿದ್ದರು, ಗಲಾಟೆ ಮಾಡುವ ಹಾಗಿಲ್ಲ. ಅಮ್ಮನನ್ನು ಮಣ್ಣು ಮಾಡಿದ್ದನ್ನು ನಾನು ಬಾತ್‌ರೂಮಿನಲ್ಲಿ ನಿಂತು, ಫೋನಿನಲ್ಲಿ ನೋಡಿದೆ. ಬಾಯಿಗೆ ಟವೆಲು ತುರುಕಿಕೊಂಡಿದ್ದೆ.

ಇವಳು ಹುಟ್ಟುವಾಗಲೂ ನಿಕೋಸ್ ಸಮುದ್ರದಲ್ಲಿ. ಆಸ್ಪತ್ರೆಯ ಗುಮಾಸ್ತ ಕೇಳಿದ, "ಮಗುವಿನ ಹೆಸರು?" ನೋಡು ಲವೀನಾ, ನಮ್ಮಲ್ಲಿ ಹೇಗೆ, ಮೊದಲ ಹೆಣ್ಣುಮಗುವಿಗೆ ಗಂಡನ ತಾಯಿಯ ಹೆಸರು. ಆ ದ್ವೀಪದಲ್ಲೂ ಹಾಗೆಯೇ. ನಿಕೋಸ್ ಎಷ್ಟೋ ಸಲ ಹೇಳಿದ್ದ, ನನಗೆ ಗೊತ್ತಿಲ್ಲದೆ ಅಲ್ಲ. ಗೊತ್ತಿದ್ದೇ ನನ್ನಮ್ಮನ ಹೆಸರು ಹೇಳಿದೆ. ಕಾರ್ಮಿನ್. ಬರೆದುಕೊಂಡ, ಠಸ್ಸೆ ಹೊಡೆದ.

ನಿಕೋಸ್ ಬಂದು ಆ ಕಾಗದ ನೋಡಿದ. ಬೈಯಲಿಲ್ಲ. ಬೈದಿದ್ದರೆ ನಾನೂ ನಾಲ್ಕು ಕೊಡುತ್ತಿದ್ದೆ, ಅಲ್ಲಿಗೆ ಮುಗಿಯುತ್ತಿತ್ತು. ಕಿಟಕಿಯ ಹತ್ತಿರ ಹೋಗಿ ತಾಯಿಗೆ ಫೋನು ಮಾಡಿ, ಮಗುವಿನ ಹೆಸರು "ಎವ್ಡೋಕಿಯಾ" ಅಂದ. ಆ ಕಡೆ ಮುದುಕಿ ಅತ್ತದ್ದು ನನಗೂ ಕೇಳಿತು. "ಯಾಕೆ ಸುಳ್ಳು ಹೇಳಿದೆ?" ಅಂದೆ. "ಆಮೇಲೆ ಸರಿ ಮಾಡುತ್ತೇನೆ" ಅಂದ. ಆ ಆಮೇಲೆಗೆ ಈಗ ಐದು ವರ್ಷ. ಒಂದು ವರ್ಷ ವೀಸಾ, ಒಂದು ವರ್ಷ ರಜೆ ಇಲ್ಲ, ಹಾಗೆ ಮುಂದೆ ಹೋಯಿತು. ಈ ಬೇಸಿಗೆಗೆ ಟಿಕೆಟು ಆಗಿದೆ. ನನಗೂ ಹೋಗುವ ಆಸೆ ಉಂಟು, ಸುಳ್ಳು ಯಾಕೆ ಹೇಳಲಿ, ಇಲ್ಲಿ ಜುಲೈಯಲ್ಲಿ ಎಸಿ ಬಿಟ್ಟು ಬಾಲ್ಕನಿಗೆ ಕಾಲಿಟ್ಟರೆ ಚಪ್ಪಲಿ ಅಂಟುತ್ತದೆ. ಅಲ್ಲಿ ಮನೆಯ ಮೆಟ್ಟಿಲಿಗೇ ಸಮುದ್ರವಂತೆ.

ಮೊನ್ನೆ ಅತ್ತೆ ಒಂದು ಫೋಟೋ ಕಳಿಸಿದಳು. ಅಂಜೂರದ ಮರದ ಕೆಳಗೆ ಒಂದು ಪುಟ್ಟ ಕುರ್ಚಿ. ಮಾವ ಕೂತುಕೊಳ್ಳುತ್ತಿದ್ದ ಕುರ್ಚಿಯ ಕಾಲು ಕೊಯ್ಯಿಸಿ ಸಣ್ಣದು ಮಾಡಿಸಿದ್ದಾಳೆ, ಬೆನ್ನಿನ ಹಲಗೆಯ ಮೇಲೆ ನೀಲಿ ಬಣ್ಣದಲ್ಲಿ ಎವ್ಡೋಕಿಯಾ ಅಂತ ಹೆಸರು. ನಿಕೋಸನಿಗೆ ತೋರಿಸಿ "ಈಗ ಏನು ಮಾಡ್ತೀ ಸರದಾರ?" ಅಂದೆ. ಅವನೆಂದ, "ಒಂದು ತಿಂಗಳು ಎವ್ಡೋಕಿಯಾ ಅಂತ ಕರೆದರೆ ಆಯ್ತಲ್ಲ, ನಿನ್ನದೇನು ಹೋಗುತ್ತದೆ?" "ನನ್ನಮ್ಮ ಹೋಗುತ್ತಾಳೆ, ಎರಡನೇ ಸಲ" ಅಂದೆ.

ಆದರೆ ನಾನು ಗೆದ್ದೆ ಅಂತಲೂ ಇಲ್ಲ. ಯಾಕೆ ಹೇಳು? ನಮ್ಮ ಅಣ್ಣನಿಗೆ ಮೊದಲ ಹೆಣ್ಣು ಹುಟ್ಟಿದಾಗ ಕಾರ್ಮಿನ್ ಅಂತ ಇಡಬೇಕಿತ್ತು. ಅತ್ತಿಗೆ ತನ್ನ ತಾಯಿಯ ಹೆಸರಿಟ್ಟಳು. ಆ ದಿನ ಅಮ್ಮ ಊಟಕ್ಕೆ ಕೂರಲಿಲ್ಲ. "ಹೆಸರಿನಲ್ಲೇನುಂಟು, ಮಗು ಚೆನ್ನಾಗಿದ್ದರೆ ಸಾಕು" ಅನ್ನುತ್ತಾ, ತೊಳೆದಿಟ್ಟ ಪಾತ್ರೆಗಳನ್ನೇ ಪುನಃ ತೊಳೆದಳು. ನಾನು ಕಣ್ಣಾರೆ ಕಂಡಿದ್ದೇನೆ. ಅತ್ತಿಗೆಗೆ ಹಿಡಿಶಾಪ ಹಾಕಿದ ನಾನೇ ಅವಳು ಮಾಡಿದ್ದನ್ನೇ ಇನ್ನೊಂದು ಮುದುಕಿಗೆ ಮಾಡಿದೆ ಅಲ್ವಾ? ಬೆಳಿಗ್ಗೆ ಎದ್ದರೆ, ಈಗಲೇ ಫೋನು ಮಾಡಿ ಹೇಳಿಬಿಡುವ ಅನಿಸುತ್ತದೆ. ಚಹಾ ಕುಡಿಯುವಷ್ಟರಲ್ಲಿ, ಬೇಡ, ಕುರ್ಚಿ ಮಾಡಿಸಿದ್ದಾಳೆ ಪಾಪ ಅನಿಸುತ್ತದೆ. ಸಂಜೆಗೆ, ಹೋಗುವುದೇ ಬೇಡ. ತಲೆ ಕಲಸುಮೇಲೋಗರ ಆಗಿದೆ.

ಇನ್ನು ಇವಳದ್ದು ಕೇಳು. ಫೋನಿನಲ್ಲಿ ಅಜ್ಜಿ "ಎವ್ಡೋಕಿಯಾ, ಎವ್ಡೋಕಿಯಾ" ಅಂತ ಕರೆಯುತ್ತಾಳಲ್ಲ, ಅಜ್ಜಿಯ ಮನೆಯಲ್ಲಿ ಇನ್ನೊಬ್ಬಳು ಹುಡುಗಿ ಇದ್ದಾಳೆ, ಅವಳನ್ನೇ ಕರೆಯುವುದು, ಅವಳಿಗೆ ನಾಚಿಕೆ, ಫೋನಿನ ಎದುರು ಬರುವುದಿಲ್ಲ ಅಂತ ಇವಳ ಲೆಕ್ಕ! ಅದಕ್ಕೇ ಪೆನ್ಸಿಲು ಎರಡು ಪೆಟ್ಟಿಗೆ. ಈಜುವ ಬಟ್ಟೆಯೂ ಎರಡು. ಆ ದ್ವೀಪಕ್ಕೆ ಹೋಗುವ ಖುಷಿ ಅಂದರೆ ಇವಳಿಗೆ ಸಮುದ್ರ ಅಲ್ಲ, ಅಜ್ಜಿ ಅಲ್ಲ, ಆ ಹುಡುಗಿ. ದಿನ ಎಣಿಸುತ್ತಾ ಇದ್ದಾಳೆ.

ಅದಕ್ಕೇ ಹೇಳುವುದು ಲವೀನಾ, ಯಾರ ಹೆಸರು ಬೇಕಾದರೂ ಇಡು, ಇಟ್ಟ ದಿನವೇ ಎಲ್ಲರ ಮುಖ ನೋಡಿ ಹೇಳಿಬಿಡು. ಬೈಗುಳ ಒಂದು ವಾರ ಇರುತ್ತದೆ, ಆಮೇಲೆ ತಣ್ಣಗಾಗುತ್ತದೆ. ಇದು ಹಾಗಲ್ಲ, ಇದು...

ಪುನಃ ಬಂದೆಯಾ? ಏನು? ಫೋಟೋ ಬೇಕಾ, ತಗೋ. ಹೌದು, ಅದು ಎವ್ಡೋಕಿಯಾಳ ಕುರ್ಚಿ. ಕೂರಲಿಕ್ಕೆ ಬಿಡ್ತಾಳೆ, ಬಿಡ್ತಾಳೆ. ಅಜ್ಜಿ ಅವಳ ಅಜ್ಜಿಯೂ ಹೌದು. ಪಪ್ಪ ಅವಳಿಗೂ ಪಪ್ಪನಾ... ಪಪ್ಪನನ್ನೇ ಕೇಳು ಅದನ್ನು. ಇನ್ನೇನು?

ಕೇಳಿದೆಯಾ ಲವೀನಾ, ಏನು ಕೇಳ್ತಾಳೆ ಅಂತ?

"ಮಮ್ಮಾ, ಎವ್ಡೋಕಿಯಾಳ ಮಮ್ಮ ಯಾರು?"